ಗ್ರೀಸ್ ಕರಾವಳಿ: ಕಾರಿನಲ್ಲಿ ಹದಿನಾರು ರಾತ್ರಿ, ಒಂದೇ ಒಂದು ದ್ವೀಪ

ಗ್ರೀಸ್‌ಗೆ ಹೋಗುತ್ತೇವೆ ಅಂದ ಕೂಡಲೇ ಎಲ್ಲರೂ ಕೇಳುವುದು "ಸ್ಯಾಂಟೊರಿನಿಗೆ ತಾನೇ?" ಅಂತ. ನಾವೂ ಮೊದಲ ಸಲ ಹಾಗೇ ಹೋಗಿದ್ದೆವು. ಏಳು ದಿನ, ಮೂರು ದ್ವೀಪ. ಈಗ ಅದರಲ್ಲಿ ಚೆನ್ನಾಗಿ ನೆನಪಿರುವುದು ಬಂದರಿನ ಬಿಸಿಲಲ್ಲಿ ಸೂಟ್‌ಕೇಸ್ ಮೇಲೆ ಕೂತು ಹಡಗು ಕಾದದ್ದು. ಎರಡನೇ ಸಲ ಲೆಕ್ಕ ಬದಲಾಯಿಸಿದೆವು. ದ್ವೀಪ ಒಂದು ಸಾಕು, ಉಳಿದ ದಿನವೆಲ್ಲ ಪೆಲೊಪೊನೀಸ್ ಕರಾವಳಿಯಲ್ಲಿ ಕಾರು.

ಪೆಲೊಪೊನೀಸ್ ಅಂದರೆ ಅಥೆನ್ಸ್‌ನ ನೈಋತ್ಯಕ್ಕೆ ಇರುವ ದೊಡ್ಡ ಭೂಭಾಗ. ನಕ್ಷೆಯಲ್ಲಿ ನೋಡಿದರೆ ದಕ್ಷಿಣದ ಕಡೆ ಮೂರು ಬೆರಳು ಸಮುದ್ರಕ್ಕೆ ಇಳಿಬಿಟ್ಟ ಹಾಗಿದೆ. ಆ ಬೆರಳುಗಳ ಅಂಚು ಹಿಡಿದು ನಿಧಾನಕ್ಕೆ ಓಡಿಸಿಕೊಂಡು ಹೋಗುವುದು ಹೇಗೆ ಅನ್ನುವುದಕ್ಕೆ ಈ ಬರಹ.

ಮೊದಲು: ಯಾವಾಗ, ಎಷ್ಟು ದಿನ

ಮೇ ಎರಡನೇ ವಾರದಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್. ಈಜುವ ಆಸೆ ಇದ್ದರೆ ಸೆಪ್ಟೆಂಬರ್‌ನಲ್ಲೇ ಹೋಗಿ. ಬೇಸಿಗೆಯೆಲ್ಲ ಕಾದ ನೀರು ಆಗ ಬೆಚ್ಚಗಿರುತ್ತದೆ. ಮೇ ತಿಂಗಳಲ್ಲಿ ಗುಡ್ಡದ ತುಂಬ ಹೂವು, ಆದರೆ ಸಮುದ್ರಕ್ಕೆ ಕಾಲಿಟ್ಟರೆ ಮೈ ಜುಂ ಅನ್ನುತ್ತದೆ. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು ಜಾಸ್ತಿ, ಜನ ಜಾಸ್ತಿ, ಮೇಲಿಂದ ಏಜಿಯನ್ ಸಮುದ್ರದಲ್ಲಿ ಮೆಲ್ತೆಮಿ ಅನ್ನುವ ಉತ್ತರದ ಗಾಳಿ. ಅದರಲ್ಲೂ ಆಗಸ್ಟ್ 15 ಯೇಸುವಿನ ತಾಯಿ ಮರಿಯಮ್ಮನ ದೊಡ್ಡ ಹಬ್ಬ. ಇಡೀ ದೇಶ ಊರಿಗೆ ಹೊರಟಿರುತ್ತದೆ. ನಮ್ಮಲ್ಲಿ ದೀಪಾವಳಿ ಹಿಂದಿನ ರಾತ್ರಿಯ ಮೆಜೆಸ್ಟಿಕ್ ನೆನಪಿಸಿಕೊಳ್ಳಿ.

ನಮ್ಮ ಹಂಚಿಕೆ ಹೀಗಿತ್ತು: ನಾಫ್ಲಿಯೊ ಮೂರು ರಾತ್ರಿ, ಲಿಯೊನಿಡಿಯೊ ಒಂದು, ಮೊನೆಮ್ವಾಸಿಯಾ ಎರಡು, ಮಾನಿ ಎರಡು, ಕಾರ್ದಮಿಲಿ ಎರಡು, ಆಮೇಲೆ ನಾಕ್ಸೋಸ್ ದ್ವೀಪದಲ್ಲಿ ನಾಲ್ಕು. ಹಡಗಿಗೆ ಮುಂಚೆ ಒಂದು, ವಿಮಾನಕ್ಕೆ ಮುಂಚೆ ಒಂದು ರಾತ್ರಿ ಅಥೆನ್ಸ್‌ನಲ್ಲಿ. ನನ್ನನ್ನು ಕೇಳಿದರೆ ಲಿಯೊನಿಡಿಯೊಗೆ ಇನ್ನೊಂದು ರಾತ್ರಿ ಕೊಡಿ, ನಾಫ್ಲಿಯೊದಲ್ಲಿ ಒಂದು ಕಡಿಮೆ ಮಾಡಿ. ಇಡೀ ಪ್ರವಾಸಕ್ಕೆ ನಾವು ಇಟ್ಟುಕೊಂಡಿದ್ದ ನಿಯಮ ಒಂದೇ: ಊರು ಬದಲಾಯಿಸುವ ದಿನ ಸ್ಟೀರಿಂಗ್ ಹಿಂದೆ ಮೂರು ಗಂಟೆಗಿಂತ ಜಾಸ್ತಿ ಕೂರಬಾರದು. ಒಂದು ದಿನ ಬಿಟ್ಟು ಉಳಿದೆಲ್ಲ ದಿನ ಅದು ನಡೆಯಿತು.

ಕಾಗದ ಪತ್ರ

ಷೆಂಗೆನ್ ವೀಸಾ ಬೇಕು. ಶುಲ್ಕ 90 ಯೂರೊ, ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ಹತ್ತಿರ ಬಿಟ್ಟುಕೊಳ್ಳುವ ಹಾಗಿಲ್ಲ. ಬೇಸಿಗೆ ಪ್ರವಾಸವಾದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೂರು ತಿಂಗಳು ಮುಂಚೆಯೇ ಶುರು ಮಾಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ರೂಮುಗಳನ್ನು ದುಡ್ಡು ಕಳೆದುಕೊಳ್ಳದೆ ರದ್ದು ಮಾಡಲು ಆಗುವ ಹಾಗೆ ಬುಕ್ ಮಾಡಿ. ವೀಸಾ ಬಂದ ಮೇಲೆ ಮನಸ್ಸು ಬದಲಾಗುತ್ತದೆ, ಅನುಭವದ ಮಾತು.

ಜನ ಮರೆಯುವುದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಭಾರತದ ಲೈಸೆನ್ಸ್ ಇಂಗ್ಲಿಷ್‌ನಲ್ಲಿದೆ, ಅದೇ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಮ್ಮ ಆರ್‌ಟಿಒದಿಂದ ತೆಗೆದುಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಸಿಕ್ಕಿತು ಅಂತ ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋಗಬೇಡಿ, ಎರಡೂ ಒಟ್ಟಿಗೆ ಇರಬೇಕು.

ಕಾರು

ಗ್ರೀಸ್‌ನಲ್ಲಿ ಬಾಡಿಗೆ ಕಾರು ಅಂದರೆ ಸಾಮಾನ್ಯವಾಗಿ ಕೈ ಗೇರಿನದು. ಆಟೊಮ್ಯಾಟಿಕ್ ಕಮ್ಮಿ, ಬಾಡಿಗೆಯೂ ಜಾಸ್ತಿ. ಆದರೂ ಆಟೊಮ್ಯಾಟಿಕ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಅಲ್ಲಿ ಗಾಡಿ ಓಡುವುದು ಬಲಗಡೆ, ಸ್ಟೀರಿಂಗ್ ಎಡಗಡೆ. ಮೊದಲ ಎರಡು ದಿನ ನಿಮ್ಮ ಎಡಗೈ ಗೇರ್ ಹುಡುಕುತ್ತಾ ಬಾಗಿಲಿಗೆ ಹೊಡೆದುಕೊಳ್ಳುತ್ತದೆ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಶುರುವಾಗುತ್ತದೆ. ಉರಿ ಬಿಸಿಲಲ್ಲಿ ವೈಪರ್ ಓಡಿಸಿಕೊಂಡು ಬರುತ್ತಿರುವ ಕಾರು ಕಂಡರೆ ಒಳಗೆ ನಮ್ಮವರೇ ಇರಬೇಕು ಅಂತ ನಮ್ಮ ಮನೆಯಲ್ಲಿ ಒಂದು ತಮಾಷೆ.

ಸಣ್ಣ ಕಾರೇ ಇರಲಿ. ಇಬ್ಬರಿಗೆ ಸ್ವಿಫ್ಟ್ ಗಾತ್ರದ್ದು ಧಾರಾಳ. ಹಳ್ಳಿಯ ಓಣಿಗಳು ಕತ್ತೆಗೆ ಅಂತ ಕಟ್ಟಿದವು, ಎಸ್‌ಯುವಿಗೆ ಅಲ್ಲ.

ಕೌಂಟರ್‌ನಲ್ಲಿ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಅದು ಓಡಿಸುವವರ ಹೆಸರಿನಲ್ಲೇ ಇರಬೇಕು. ಡೆಬಿಟ್ ಕಾರ್ಡ್ ನಡೆಯುತ್ತದೆ ಅಂದುಕೊಂಡು ಹೋಗಬೇಡಿ. ಠೇವಣಿ ಅಂತ ಒಂದಷ್ಟು ಮೊತ್ತ ತಡೆಹಿಡಿಯುತ್ತಾರೆ, ಕಾರ್ಡ್ ಮಿತಿ ಅಷ್ಟಿದೆಯೇ ನೋಡಿಕೊಳ್ಳಿ. ಇನ್ನು "ಫುಲ್ ಇನ್ಶೂರೆನ್ಸ್" ಅನ್ನುವ ಮಾತು. ಅದರಲ್ಲಿ ಟೈರು, ಚಕ್ರದ ರಿಮ್, ಗಾಜು, ಕಾರಿನ ಅಡಿಭಾಗ ಸೇರಿದೆಯೇ ಅಂತ ಬಾಯಿಬಿಟ್ಟು ಕೇಳಿ, ಬರಹದಲ್ಲಿ ತೋರಿಸಲು ಹೇಳಿ. ಸುಮ್ನೆ ಹೇಳುತ್ತಿಲ್ಲ, ಕಾರಣ ಮಾನಿಗೆ ಬಂದಾಗ ಹೇಳುತ್ತೇನೆ. ಕಾರು ಕೈಗೆ ಬಂದ ಕೂಡಲೇ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ. ನಾಲ್ಕೂ ಚಕ್ರ ಹತ್ತಿರದಿಂದ, ಪೆಟ್ರೋಲ್ ಮುಳ್ಳು ಕಾಣುವ ಹಾಗೆ.

ರಸ್ತೆಯ ರೀತಿ

ಊರೊಳಗಿನ ಸಣ್ಣ ರಸ್ತೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ., ದೊಡ್ಡ ರಸ್ತೆಗಳಲ್ಲಿ 50, ಹೊರಗೆ 90, ದೊಡ್ಡ ಹೆದ್ದಾರಿಯಲ್ಲಿ 130 ಮಿತಿ. ಬೋರ್ಡ್ ಬೇರೆ ಹೇಳಿದರೆ ಬೋರ್ಡಿನದೇ ಮಾತು. ಹೆದ್ದಾರಿಯಲ್ಲಿ ಅಲ್ಲಲ್ಲಿ ಟೋಲ್ ಇದೆ, ಚಿಲ್ಲರೆ ಯೂರೊ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಎರಡು ಪಥದ ರಸ್ತೆಯಲ್ಲಿ ಅಲ್ಲಿನವರದ್ದೇ ಒಂದು ಪದ್ಧತಿ. ನಿಧಾನ ಹೋಗುವವನು ಬಲಕ್ಕೆ ಸರಿದು, ಅರ್ಧ ಚಕ್ರ ಅಂಚಿನ ಪಟ್ಟಿಯ ಮೇಲೆ ಇಟ್ಟುಕೊಂಡು, ಹಿಂದಿನವನಿಗೆ ದಾರಿ ಬಿಡುತ್ತಾನೆ. ನೀವೂ ಹಾಗೇ ಬಿಡಿ, ಜನ ಖುಷಿಪಡುತ್ತಾರೆ. ಎದುರಿನವನು ಲೈಟ್ ಮಿಣುಕಿಸಿದರೆ "ನೀನು ಹೋಗು" ಅಂತಲ್ಲ, "ನಾನು ಬರ್ತಾ ಇದೀನಿ" ಅಂತ. ಇದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ತಿರುವುಗಳಲ್ಲಿ ಕಂಬದ ಮೇಲೆ ಪುಟ್ಟ ಗುಡಿಯ ಆಕಾರದ ಪೆಟ್ಟಿಗೆ ಕಾಣುತ್ತವೆ. ಒಳಗೆ ಒಂದು ಎಣ್ಣೆ ದೀಪ, ಸಂತನ ಚಿತ್ರ, ಕೆಲವೊಮ್ಮೆ ಒಂದು ಫೋಟೊ. ಎಷ್ಟೋ ಕಡೆ ಅವು ಅಲ್ಲಿ ಅಪಘಾತದಲ್ಲಿ ಸತ್ತವರ ನೆನಪಿಗೆ, ಇಲ್ಲವೇ ಬದುಕಿ ಉಳಿದವರು ಹರಕೆಯ ಹಾಗೆ ಇಟ್ಟವು. ಸಾಲಾಗಿ ಮೂರು ಕಂಡರೆ ನಾನು ತಾನಾಗಿಯೇ ಬ್ರೇಕ್ ಮೇಲೆ ಕಾಲಿಡುತ್ತಿದ್ದೆ.

ಪೆಟ್ರೋಲ್‌ಗೆ ಅಲ್ಲಿ "ಅಮೋಲಿವ್ದಿ" ಅನ್ನಬೇಕು. ಹಳ್ಳಿ ಕಡೆ ಬಂಕ್‌ನವರೇ ಬಂದು ಹಾಕುತ್ತಾರೆ. ದಕ್ಷಿಣಕ್ಕೆ ಹೋದಂತೆ ಬಂಕ್ ಅಪರೂಪ, ಭಾನುವಾರ ಮುಚ್ಚಿರುವುದೂ ಉಂಟು. ಅರ್ಧ ಟ್ಯಾಂಕ್‌ಗೆ ಇಳಿದರೆ ತುಂಬಿಸಿಕೊಳ್ಳಿ. ತೊಂದರೆಯಾದರೆ 112ಕ್ಕೆ ಫೋನ್ ಮಾಡಿ.

ದಾರಿ: ಕಾಲುವೆ ದಾಟಿ ನಾಫ್ಲಿಯೊ

ವಿಮಾನ ನಿಲ್ದಾಣದಲ್ಲೇ ಕಾರು ತೆಗೆದುಕೊಂಡು ಅಥೆನ್ಸ್ ಪೇಟೆ ಒಳಗೆ ಹೋಗದೆ ನೇರ ಪಶ್ಚಿಮಕ್ಕೆ ಬಿಡಿ. ಅಥೆನ್ಸ್‌ನಲ್ಲಿ ಕಾರು ಬರೀ ತಲೆನೋವು. ಎರಡು ಗಂಟೆಯಲ್ಲಿ ನಾಫ್ಲಿಯೊ. ದಾರಿಯಲ್ಲಿ ಕೊರಿಂತ್ ಕಾಲುವೆ ಸಿಗುತ್ತದೆ. 1893ರಲ್ಲಿ ಮುಗಿದ, ಬಂಡೆ ಕೊರೆದು ಮಾಡಿದ ಆರು ಕಿಲೊಮೀಟರ್ ಚಿಲ್ಲರೆ ಉದ್ದದ ನೀರಿನ ಓಣಿ. ಇಷ್ಟು ಕಿರಿದು ಅಂತ ಗೊತ್ತಿರಲಿಲ್ಲ, ನೀರಿನ ಮಟ್ಟದಲ್ಲಿ ಇಪ್ಪತ್ತೈದು ಮೀಟರ್ ಕೂಡ ಇಲ್ಲ. ಹೆದ್ದಾರಿಯಲ್ಲಿ ಹೋದರೆ ಒಂದು ಕ್ಷಣದಲ್ಲಿ ದಾಟಿಬಿಡುತ್ತೀರಿ, ಹಳೆಯ ರಸ್ತೆಗೆ ಇಳಿದು ಸೇತುವೆ ಮೇಲೆ ನಡೆಯಿರಿ. ಕಾಲುವೆಯ ತುದಿಗಳಲ್ಲಿ ಇನ್ನೊಂದು ಬಗೆಯ ಸೇತುವೆ ಇದೆ. ಹಡಗು ಬಂದಾಗ ಅದು ಮೇಲೆ ಏಳುವುದಿಲ್ಲ, ನೀರೊಳಗೆ ಮುಳುಗುತ್ತದೆ.

ನಾಫ್ಲಿಯೊ ಆಧುನಿಕ ಗ್ರೀಸ್‌ನ ಮೊದಲ ರಾಜಧಾನಿ, 1834ರಲ್ಲಿ ಪಟ್ಟ ಅಥೆನ್ಸ್‌ಗೆ ಹೋಯಿತು. ಕಾರನ್ನು ಬಂದರಿನ ಪಕ್ಕದ ಬಯಲಿನಲ್ಲಿ ಬಿಟ್ಟರೆ ಊರೆಲ್ಲ ನಡಿಗೆಯಲ್ಲೇ ಮುಗಿಯುತ್ತದೆ. ಮೇಲೆ ವೆನೀಸಿನವರು ಕಟ್ಟಿದ ಪಲಮಿದಿ ಕೋಟೆ. ಮೆಟ್ಟಿಲು 999 ಅಂತ ಊರವರು ಹೇಳುತ್ತಾರೆ. ನಾವು ಬೆಳಿಗ್ಗೆ ಎಂಟಕ್ಕೆ ಹತ್ತಿದೆವು, ನೂರಾ ಮೂವತ್ತಕ್ಕೆ ಎಣಿಸುವುದು ಬಿಟ್ಟೆವು. ಇಲ್ಲಿಂದ ಎಪಿಡೌರಸ್‌ನ ಪ್ರಾಚೀನ ರಂಗಮಂದಿರಕ್ಕೆ, ಅದಕ್ಕಿಂತ ಹಳೆಯ ಮೈಸೀನೆಯ ಸಿಂಹದ್ವಾರಕ್ಕೆ ಅರ್ಧರ್ಧ ಗಂಟೆ. ಎರಡೂ ಒಂದೇ ದಿನ ಮಾಡಬೇಡಿ. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ನಿದ್ದೆ, ಸಂಜೆ ಸಮುದ್ರ. ಮಧ್ಯಾಹ್ನ ಮೂರರಿಂದ ಐದೂವರೆ ತನಕ ಆ ದೇಶವೇ ಮಲಗಿರುತ್ತದೆ, ನೀವೊಬ್ಬರು ಎದ್ದಿದ್ದು ಏನು ಮಾಡುತ್ತೀರಿ?

ಲಿಯೊನಿಡಿಯೊದ ಬದನೆಕಾಯಿ

ನಾಫ್ಲಿಯೊದಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ರಸ್ತೆ ಇದು. ಎಡಕ್ಕೆ ಬಗ್ಗಿ ನೋಡಿದರೆ ಸಮುದ್ರ, ಬಲಕ್ಕೆ ಗುಡ್ಡ, ಎದುರಿಗೆ ಮೇಕೆ. ನಿಲ್ಲಿಸಲು ಜಾಗ ಕಂಡಲ್ಲೆಲ್ಲ ನಿಲ್ಲಿಸಿ. ಕೆಳಗೆ ಎಲ್ಲಾದರೂ ಒಂದು ಕಲ್ಲುಗುಂಡಿನ ದಡ ಇದ್ದೇ ಇರುತ್ತದೆ. ಇಲ್ಲಿ ಮರಳಿಗಿಂತ ಬೆಣಚುಕಲ್ಲೇ ಜಾಸ್ತಿ, ನೀರಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ಇರಲಿ.

ಲಿಯೊನಿಡಿಯೊ ಕೆಂಪು ಬಂಡೆಯ ಗೋಡೆಯ ಕೆಳಗಿನ ಊರು. ಬಂಡೆ ಹತ್ತುವವರು ಯೂರೋಪಿನ ಎಲ್ಲ ಕಡೆಯಿಂದ ಬರುತ್ತಾರೆ. ನಾವು ಹೋದದ್ದು ಬದನೆಕಾಯಿಗೆ. ಉದ್ದಕ್ಕೆ ತೆಳ್ಳಗೆ, ತಿಳಿ ನೇರಳೆ ಮೈ ಮೇಲೆ ಬಿಳಿ ಗೀರು. ಕಹಿ ಅನ್ನುವುದೇ ಇಲ್ಲ. ನಮ್ಮ ಮಟ್ಟು ಗುಳ್ಳಕ್ಕೆ ಜಿಐ ಗುರುತು ಇದೆಯಲ್ಲ, ಹಾಗೇ ಈ ಬದನೆಗೂ ಯೂರೋಪಿನ ಊರು-ಗುರುತಿನ ರಕ್ಷಣೆ ಇದೆ. ಪ್ಲಾಕಾ ಅನ್ನುವ ಪುಟ್ಟ ಬಂದರಿನ ಊಟದ ಮನೆಯಲ್ಲಿ ಮೆನು ಕೇಳಿದರೆ ಅಜ್ಜಿ ಕೈ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋದರು. ದೊಡ್ಡ ದೊಡ್ಡ ತಟ್ಟೆಯಲ್ಲಿ ಮಾಡಿಟ್ಟ ಅಡುಗೆ, ಬೆರಳು ತೋರಿಸಿದರೆ ಸಾಕು. ಬದನೆ ಸೀಳಿ, ಈರುಳ್ಳಿ ಟೊಮೆಟೊ ತುಂಬಿ, ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ್ದು. ಎಣ್ಣೆಗಾಯಿ ತಿಂದು ಬೆಳೆದ ನಾಲಿಗೆಗೆ ಖಾರ ಇಲ್ಲ ಅನ್ನುವುದೊಂದೇ ತಕರಾರು. ಊಟ ಆದ ಮೇಲೆ ಚಿಕ್ಕ ತಟ್ಟೆಯಲ್ಲಿ ಒಂದು ಚಮಚ ಬದನೆಕಾಯಿ ಪಾಕ, ಪಕ್ಕದಲ್ಲಿ ತಣ್ಣೀರು. ಬಂದವರಿಗೆ ಹೀಗೆ ಸಿಹಿ, ನೀರು ಕೊಡುವುದು ಅಲ್ಲಿನ ಹಳೆಯ ಪದ್ಧತಿ. ನನ್ನ ಹೆಂಡತಿ "ಬೆಲ್ಲ ನೀರು ಕೊಟ್ರಲ್ಲ!" ಅಂದಳು.

ಇಲ್ಲಿಂದ ಮೊನೆಮ್ವಾಸಿಯಾಗೆ ಕರಾವಳಿಯಲ್ಲಿ ಸರಿಯಾದ ರಸ್ತೆ ಇಲ್ಲ, ಘಾಟಿ ಹತ್ತಿ ಇಳಿಯಬೇಕು. ಬಂಡೆಗೆ ಅಂಟಿಕೊಂಡಂತಿರುವ ಎಲೊನಾ ಮಠ ದಾಟಿದರೆ ಸಾವಿರ ಮೀಟರಿಗಿಂತ ಎತ್ತರದ ಕೊಸ್ಮಾಸ್ ಅನ್ನುವ ಹಳ್ಳಿ. ಚೌಕದಲ್ಲಿ ಪ್ಲೇನ್ ಅನ್ನುವ ಜಾತಿಯ ದೊಡ್ಡ ದೊಡ್ಡ ಮರಗಳು, ಕೆಳಗೆ ಮೇಜು ಕುರ್ಚಿ. ಶೆಕೆಯಿಂದ ಬಂದವರಿಗೆ ಒಮ್ಮೆಲೇ ಸ್ವೆಟರ್ ಬೇಕೆನಿಸುತ್ತದೆ. ಇಲ್ಲಿ ಕಾಫಿ ಕುಡಿಯದೆ ಮುಂದೆ ಹೋಗಬೇಡಿ.

ಮೊನೆಮ್ವಾಸಿಯಾ

ಹೆಸರಿನ ಅರ್ಥವೇ "ಒಂದೇ ಬಾಗಿಲು". ಕ್ರಿ.ಶ. 375ರ ಭೂಕಂಪದಲ್ಲಿ ನೆಲದಿಂದ ಬೇರ್ಪಟ್ಟಿತು ಅನ್ನುವ ದೊಡ್ಡ ಬಂಡೆ, ಅದರ ಹಿಂಬದಿಗೆ ಸಮುದ್ರದ ಕಡೆ ಮುಖ ಮಾಡಿ ಕಟ್ಟಿದ ಕೋಟೆಯೂರು. ದಡದಿಂದ ನೋಡಿದರೆ ಒಂದು ಮನೆಯೂ ಕಾಣುವುದಿಲ್ಲ. ಕಾರಿಗೆ ಒಳಗೆ ಪ್ರವೇಶ ಇಲ್ಲ. ಕೋಟೆಯೊಳಗೆ ಒಂದು ರಾತ್ರಿ ಇರಿ, ಆದರೆ ಇಬ್ಬರಿಗೆ ಒಂದು ಸಣ್ಣ ಚೀಲ ಸಾಕು, ಸೂಟ್‌ಕೇಸ್ ಡಿಕ್ಕಿಯಲ್ಲೇ ಇರಲಿ. ಆ ಕಲ್ಲುಹಾಸಿನ ಮೇಲೆ ಚಕ್ರದ ಸೂಟ್‌ಕೇಸ್ ಎಳೆದರೆ ಇಡೀ ಊರು ಎದ್ದು ಕೂರುತ್ತದೆ.

ಎರಡನೇ ದಿನ ಎಲಾಫೊನಿಸೋಸ್‌ಗೆ ಹೋಗಿ ಬನ್ನಿ. ಪೂಂತಾ ಅನ್ನುವ ಕಡೆಯಿಂದ ಕಾರು ಸಮೇತ ಹತ್ತು ನಿಮಿಷದ ಹಡಗು. ಆ ದ್ವೀಪದ ಸಿಮೋಸ್ ಬೀಚ್‌ನಲ್ಲಿ ಮರಳೂ ಇದೆ, ನೀರಿನ ಬಣ್ಣಕ್ಕೆ ಹೆಸರೂ ಇಲ್ಲ. ದ್ವೀಪದ ಆಸೆ ಇಷ್ಟಕ್ಕೇ ತೀರಿದರೆ ನಾಕ್ಸೋಸ್ ಬಿಟ್ಟು ನಾಲ್ಕು ರಾತ್ರಿ ಈ ಕಡೆಯೇ ಹಂಚಿಕೊಳ್ಳಬಹುದು.

ಮಾನಿ, ಮತ್ತು ನಾನು ತೆತ್ತ ದಂಡ

ಗಿಥಿಯೊದಲ್ಲಿ ಊಟ ಮುಗಿಸಿ ಅರ್ಧ ಗಂಟೆ ಓಡಿಸಿದರೆ ಅರಿಯೊಪೊಲಿ. ಇದು ನಡುವಿನ ಬೆರಳು. ಹಸಿರು ಕಮ್ಮಿ, ಎಲ್ಲೆಲ್ಲೂ ಕಲ್ಲು. ಮನೆತನಗಳ ನಡುವಿನ ಹಗೆಗೆ ಅಂತ ಕಟ್ಟಿಕೊಂಡ ಕಲ್ಲಿನ ಗೋಪುರದ ಮನೆಗಳು. ವಾಥಿಯಾ ಅನ್ನುವ ಹಳ್ಳಿಯಲ್ಲಿ ಅವು ಗುಂಪಾಗಿ ಗುಡ್ಡದ ನೆತ್ತಿಯ ಮೇಲೆ ನಿಂತಿವೆ, ಬಹುತೇಕ ಖಾಲಿ. ಇನ್ನೂ ಕೆಳಗೆ ಹೋದರೆ ತೈನಾರೊ ಭೂಶಿರ, ಗ್ರೀಸ್ ಮುಖ್ಯ ಭೂಮಿಯ ದಕ್ಷಿಣದ ತುದಿ. ಸತ್ತವರ ಲೋಕಕ್ಕೆ ಬಾಗಿಲು ಇಲ್ಲೇ ಅಂತ ಹಳೆಯ ಗ್ರೀಕರು ನಂಬಿದ್ದರು. ರಸ್ತೆ ಮುಗಿದ ಮೇಲೆ ದೀಪಸ್ತಂಭಕ್ಕೆ ಎರಡು ಕಿಲೊಮೀಟರ್ ನಡಿಗೆ. ಒಂದೇ ಒಂದು ಮರದ ನೆರಳಿಲ್ಲ, ತಲೆಗೆ ಟೋಪಿ, ಒಬ್ಬರಿಗೆ ಒಂದು ಲೀಟರ್ ನೀರು.

ವಾಪಸ್ ಬರುವಾಗ ಫೋನಿನ ಮ್ಯಾಪ್ "ನಾಲ್ಕು ನಿಮಿಷ ಉಳಿಯುತ್ತದೆ" ಅಂತ ಒಂದು ಹಳ್ಳಿಯೊಳಗೆ ತಿರುಗಿಸಿತು. ಓಣಿ ಕಿರಿದಾಗುತ್ತಾ ಹೋಯಿತು. ಎರಡೂ ಕನ್ನಡಿ ಮಡಚಿದೆ. ಆಮೇಲೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಎಲ್ಲಿಂದಲೋ ಕಪ್ಪು ಸೀರೆಯಂಥ ಉಡುಪಿನ ಒಬ್ಬ ಮುದುಕಿ ಬಂದು ಎರಡೂ ಕೈ ಎತ್ತಿ "ಎಲಾ, ಎಲಾ" ಅಂತ ಕರೆಯತೊಡಗಿದರು. ಗ್ರೀಕ್‌ನಲ್ಲಿ "ಎಲಾ" ಅಂದರೆ ಬಾ. ನಮಗೆ "ಎಲಾ ಇವನ!" ಅಂತ ಕೇಳಿಸಿತು. ಇಂಚಿಂಚು ಹಿಂದೆ ಬಂದು ಹೊರಬಿದ್ದೆವು, ಹಿಂದಿನ ಬಲ ರಿಮ್ ಕಲ್ಲಿಗೆ ಉಜ್ಜಿ ಹೋಗಿತ್ತು. ಕಾರು ಹಿಂತಿರುಗಿಸಿದಾಗ ರಿಮ್ ವಿಮೆಯಲ್ಲಿ ಬರುವುದಿಲ್ಲ ಅಂದರು. ಕೌಂಟರ್‌ನಲ್ಲಿ ಕೇಳಿದ್ದಾಗ "ಎಲ್ಲಾ ಸೇರಿದೆ" ಅಂದವರೂ ಅವರೇ. ಹಾಗಾಗಿ ಹೇಳುತ್ತಿದ್ದೇನೆ: ಬಾಯಿಮಾತು ಬೇಡ, ಕಾಗದ ನೋಡಿ. ಹಳ್ಳಿ ಹೊರಗೆ ಕಾರು ನಿಲ್ಲಿಸಿ ನಡೆಯಿರಿ. ಉಳಿಯುವ ನಾಲ್ಕು ನಿಮಿಷದಲ್ಲಿ ಮಾಡುವ ಘನಕಾರ್ಯ ಏನಿತ್ತು? ಅಲ್ಲಿನವರ ನಾಲಿಗೆ ತುದಿಯಲ್ಲೇ ಇರುವ ಮಾತು "ಸಿಗಾ ಸಿಗಾ", ಅಂದರೆ ನಿಧಾನ, ನಿಧಾನ.

ಕಾರ್ದಮಿಲಿ ಬಗ್ಗೆ ಹೇಳುವುದು ಕಮ್ಮಿ. ಆಲಿವ್ ತೋಟ, ಕಲ್ಲಿನ ದಡ, ಹಿಂದೆ ತೈಗೆತೊಸ್ ಬೆಟ್ಟ. ಎರಡು ದಿನ ಏನೂ ಮಾಡಲಿಲ್ಲ. ಅಲ್ಲಿಂದ ಕಲಮಾಟಾ ಮೂಲಕ ಹೆದ್ದಾರಿ ಹಿಡಿದು ಅಥೆನ್ಸ್‌ಗೆ ಮೂರೂವರೆ ಗಂಟೆ. ನಿಯಮ ಮುರಿದ ದಿನ ಇದೇ.

ಸಸ್ಯಾಹಾರಿಗಳಿಗೆ

ಹೆದರಬೇಡಿ. ಕಲಿಯಬೇಕಾದ ಪದ ಒಂದೇ, "ನಿಸ್ತೀಸಿಮೊ", ಅಂದರೆ ಉಪವಾಸದ ಅಡುಗೆ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪು ನಡೆಯುತ್ತದೆ, ಅದನ್ನು ಕೇಳಿಕೊಳ್ಳಿ. "ಫಾವಾ" ಅಂದರೆ ಹಳದಿ ಬೇಳೆ ಬೇಯಿಸಿ ಅರೆದದ್ದು, ಒಗ್ಗರಣೆ ಮರೆತ ತೊವ್ವೆ. "ಗಿಗಾಂತೆಸ್" ದಪ್ಪ ಬಿಳಿ ಅವರೆಯಂಥ ಕಾಳು, ಟೊಮೆಟೊದಲ್ಲಿ. "ಗೆಮಿಸ್ತಾ" ಅನ್ನ ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿ. ಕೆಲವರು ಅದಕ್ಕೆ ಕೈಮಾ ಹಾಕುತ್ತಾರೆ. ಹಾಕದ್ದಕ್ಕೆ "ಒರ್ಫಾನಾ" ಅನ್ನುತ್ತಾರೆ, ಅಂದರೆ ಅನಾಥ! ಚಟ್ನಿಪುಡಿಯ ಡಬ್ಬಿ ಮಾತ್ರ ಒಯ್ಯಿರಿ.

ಹೌದು ಅನ್ನಲು ಅಲ್ಲಿ "ನೆ" ಅನ್ನುತ್ತಾರೆ, ಅದು ನಮಗೆ ಇಲ್ಲ ಅಂತ ಕೇಳಿಸುತ್ತದೆ. ಇಲ್ಲ ಅನ್ನಲು ಗದ್ದ ಮೇಲೆತ್ತಿ "ಚ್" ಅನ್ನುತ್ತಾರೆ. ಇದು ಮಾತ್ರ ನಮ್ಮದೇ.

ಇನ್ನೊಂದು ವಿಷಯ, ಯಾರೂ ಮುಂಚೆ ಹೇಳುವುದಿಲ್ಲ. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಬಾರದು, ಪೈಪು ಸಣ್ಣದು, ಪಕ್ಕದ ಬುಟ್ಟಿಗೇ ಹಾಕಬೇಕು. ಕೈ ಶವರ್ ಇಲ್ಲ. ಮಗ್ ಒಯ್ಯುವವರು ಒಯ್ಯಬಹುದು, ನಾವು ಒಯ್ದಿದ್ದೆವು.

ಹಡಗು, ನಾಕ್ಸೋಸ್, ವಾಪಸ್

ಬಾಡಿಗೆ ಕಾರನ್ನು ಹಡಗಿಗೆ ಹತ್ತಿಸಲು ಕಂಪನಿಯ ಒಪ್ಪಿಗೆ ಬರಹದಲ್ಲಿ ಬೇಕು, ಹಡಗಿನಲ್ಲಿರುವಾಗ ವಿಮೆ ನಡೆಯದೆಯೂ ಇರಬಹುದು, ಟಿಕೆಟ್ ಖರ್ಚೂ ಇದೆ. ನಾವು ಕಾರನ್ನು ಅಥೆನ್ಸ್‌ನಲ್ಲೇ ಕೊಟ್ಟು, ನಾಕ್ಸೋಸ್‌ನಲ್ಲಿ ಎರಡು ದಿನಕ್ಕೆ ಇನ್ನೊಂದು ತೆಗೆದುಕೊಂಡೆವು. ಅದೇ ಸಲೀಸು.

ಅಥೆನ್ಸ್‌ನ ಪಿರೇಯಸ್ ಬಂದರು ದೊಡ್ಡದು. ಟಿಕೆಟ್‌ನಲ್ಲಿ ಗೇಟ್ ನಂಬರ್ ನೋಡಿಕೊಂಡು ಒಂದು ಗಂಟೆ ಮುಂಚೆ ಹೋಗಿ. ವೇಗದ ದೋಣಿ ಬಿಟ್ಟು ದೊಡ್ಡ ಹಡಗನ್ನೇ ಹಿಡಿಯಿರಿ. ಐದು ಗಂಟೆ ಚಿಲ್ಲರೆ ಆಗುತ್ತದೆ, ಆದರೆ ಮೇಲಿನ ಅಟ್ಟದಲ್ಲಿ ಗಾಳಿಗೆ ಕೂರಬಹುದು. ಇಳಿಯುವಾಗ ಮಾತ್ರ ಅವಸರ. ಘೋಷಣೆ ಕೇಳಿದ ಕೂಡಲೇ ಎಲ್ಲರೂ ಕೆಳಗೆ, ಲಾರಿಗಳ ನಡುವೆ, ಡೀಸೆಲ್ ವಾಸನೆಯಲ್ಲಿ ನಿಂತಿರುತ್ತಾರೆ. ಹಡಗು ಹಿಂದೆ ಸರಿಯುತ್ತಿರುವಾಗಲೇ ಕಬ್ಬಿಣದ ದೊಡ್ಡ ಹಲಗೆ ಕಿರ್ರೆಂದು ಇಳಿಯುತ್ತದೆ, ಸಂದಿಯಲ್ಲಿ ಬೆಳಕು ನುಗ್ಗುತ್ತದೆ, ಸಿಳ್ಳೆ ಹೊಡೆಯುತ್ತಾರೆ, ಎಲ್ಲರೂ ನುಗ್ಗುತ್ತಾರೆ. ಕೆಲವೇ ನಿಮಿಷದಲ್ಲಿ ಹಡಗು ಮತ್ತೆ ಹೊರಟಿರುತ್ತದೆ. ಇಲ್ಲಿ ಸಿಗಾ ಸಿಗಾ ನಡೆಯುವುದಿಲ್ಲ.

ನಾಕ್ಸೋಸ್ ಸೈಕ್ಲೇಡ್ಸ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಬಂದರಿನ ಬಾಯಲ್ಲೇ ಪೊರ್ತಾರಾ, ಮುಗಿಯದೇ ಉಳಿದ ಅಪೊಲೊ ದೇವಸ್ಥಾನದ ಅಮೃತಶಿಲೆಯ ಬಾಗಿಲು. ಎರಡು ದಿನ ಕಡಲ ದಡ, ಎರಡು ದಿನ ಕಾರಿನಲ್ಲಿ ಒಳನಾಡು. ಹಲ್ಕಿ, ಅಮೃತಶಿಲೆ ಹಾಸಿದ ಓಣಿಗಳ ಅಪಿರಾಂಥೊಸ್, ಉತ್ತರದ ತುದಿಯಲ್ಲಿ ಅಪೊಲೊನಾಸ್. ಅಲ್ಲಿ ಹತ್ತು ಮೀಟರಿಗಿಂತ ಉದ್ದದ ಪ್ರತಿಮೆಯೊಂದು ಕಲ್ಲುಗಣಿಯಲ್ಲೇ ಅರ್ಧ ಕೆತ್ತಿದ ಹಾಗೆ ಮಲಗಿದೆ. ಊಟಕ್ಕೆ ನಾಕ್ಸೋಸ್‌ನ ಆಲೂಗಡ್ಡೆ ಹುರಿದದ್ದು ಕೇಳಿ, ಗ್ರೀಸ್‌ನಲ್ಲೆಲ್ಲ ಅದಕ್ಕೆ ಹೆಸರಿದೆ.

ವಾಪಸ್ ಬರುವ ಹಡಗನ್ನು ವಿಮಾನದ ಹಿಂದಿನ ದಿನಕ್ಕೇ ಹಾಕಿಕೊಳ್ಳಿ, ಅದೇ ದಿನಕ್ಕೆ ಬೇಡ. ಗಾಳಿ ಜೋರಾದರೆ ಬಂದರಿನವರು ಹಡಗು ಬಿಡುವುದಿಲ್ಲ. ಅದಕ್ಕೆ "ಅಪಗೊರೆಫ್ತಿಕೊ" ಅನ್ನುತ್ತಾರೆ, ಆ ಪದ ಕಿವಿಗೆ ಬಿದ್ದರೆ ರೂಮಿನವರಿಗೆ ಇನ್ನೊಂದು ರಾತ್ರಿ ಕೇಳಿ. ಪಿರೇಯಸ್‌ನಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊ ಮೂರನೇ ಲೈನ್ ನೇರ ಹೋಗುತ್ತದೆ, ಒಂದು ಗಂಟೆ. ಆದರೆ ಆ ಲೈನಿನ ಎಲ್ಲ ಗಾಡಿಯೂ ಅಷ್ಟು ದೂರ ಹೋಗುವುದಿಲ್ಲ. ಹತ್ತುವ ಮುಂಚೆ ಬೋರ್ಡಿನಲ್ಲಿ ವಿಮಾನದ ಚಿತ್ರ ಇದೆಯೇ ನೋಡಿ, ಪರ್ಸ್ ಮುಂದಿನ ಜೇಬಿನಲ್ಲಿ ಇಟ್ಟುಕೊಳ್ಳಿ.